ನಲವತ್ತಾರರ ನರೆಗೆ ಕಪ್ಪು ಬಿಟ್ಟು ಹೊಂಬಣ್ಣ ಹಚ್ಚಿಸಬಹುದೇ?

ತುಂಗಾತೀರ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತಾರು ವರ್ಷ, ಬೆಂಗಳೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ. ಕೂದಲು ಭುಜದಿಂದ ನಾಲ್ಕು ಬೆರಳು ಕೆಳಗೆ ಇಳಿಯುವಷ್ಟು ಉದ್ದವಿದೆ. ದಪ್ಪ ಎಳೆ, ಸ್ವಲ್ಪ ಅಲೆಯಲೆಯಾಗಿದೆ. ಹಣೆಯ ಅಂಚು, ಬೈತಲೆಯ ಎರಡೂ ಬದಿ ಮತ್ತು ಕಿವಿಗಳ ಮೇಲ್ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ನರೆತಿದೆ, ಹಿಂಭಾಗ ಮಾತ್ರ ಬಹುಮಟ್ಟಿಗೆ ಕಪ್ಪಾಗಿಯೇ ಉಳಿದಿದೆ. ಮೂವತ್ತರ ಹರೆಯದಿಂದಲೇ ಭಾನುವಾರಗಳಂದು ಮೆಹಂದಿ ಪುಡಿ ಕಲಸಿ ಹಚ್ಚಿಕೊಳ್ಳುತ್ತಿದ್ದೆ. ಅದು ಸಾಲದೆ ಬಂದಾಗ ಅಂಗಡಿಯಲ್ಲಿ ಸಿಗುವ ಕಪ್ಪು ಡೈಗೆ ಬದಲಾಯಿಸಿದೆ. ಈಗ ಮೂರು ವಾರಕ್ಕೊಮ್ಮೆ ಅದನ್ನು ಹಚ್ಚದಿದ್ದರೆ ಬೈತಲೆಯಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ.

ನನಗೆ ಈ ಮೂರು ವಾರದ ಲೆಕ್ಕ ಸಾಕಾಗಿದೆ. ನಮ್ಮ ಬಡಾವಣೆಯ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಹುಡುಗಿ, "ಮೇಡಂ, ಕಪ್ಪು ಹಚ್ಚುವುದನ್ನು ಬಿಟ್ಟು ಬ್ಲಾಂಡ್ ಮಾಡಿಸಿಕೊಳ್ಳಿ, ಆಗ ಹುಟ್ಟುವ ಬಿಳಿ ಕೂದಲು ಅದರೊಳಗೇ ಬೆರೆತುಹೋಗುತ್ತದೆ" ಎಂದು ಸಲಹೆ ಕೊಟ್ಟಳು. ಮೊದಲು ನಗು ಬಂತು, ಆದರೆ ಆಮೇಲೆ ಯೋಚಿಸಿದಾಗ ಅವಳ ಮಾತಿನಲ್ಲಿ ಹುರುಳಿದೆ ಎನ್ನಿಸಿತು. ಮಗಳಿಗಂತೂ ಈ ಯೋಚನೆಯೇ ಸಂಭ್ರಮ. ಯಜಮಾನರು "ನಿನ್ನ ತಲೆ, ನಿನ್ನ ಇಷ್ಟ" ಎಂದು ಪತ್ರಿಕೆಯಿಂದ ಮುಖ ಎತ್ತದೆಯೇ ಹೇಳಿದರು.

ತಿಳಿದವರಲ್ಲಿ ನಾನು ಕೇಳಬೇಕೆಂದಿರುವುದು ಇಷ್ಟು. ಇಷ್ಟು ವರ್ಷ ಕಪ್ಪು ಬಣ್ಣ ಕುಡಿದ ಕೂದಲು ನಿಜವಾಗಿಯೂ ಹೊಂಬಣ್ಣಕ್ಕೆ ಬರುತ್ತದೆಯೇ, ಬರುವುದಾದರೆ ಕೂದಲಿನ ಗತಿ ಏನಾಗುತ್ತದೆ? ನನ್ನದು ಗೋಧಿ ಬಣ್ಣಕ್ಕಿಂತ ಒಂದು ಛಾಯೆ ಗಾಢವಾದ ಮೈಬಣ್ಣ. ಅದಕ್ಕೆ ಯಾವ ಹೊಂಬಣ್ಣ ಒಪ್ಪುತ್ತದೆ? ನವೆಂಬರಿನಲ್ಲಿ ಅಣ್ಣನ ಮಗಳ ಮದುವೆ ಇದೆ, ಅಷ್ಟರೊಳಗೆ ಆಗುವ ಕೆಲಸವೇ ಇದು? ಇನ್ನೊಂದು ವಿಷಯ: ಇತ್ತೀಚೆಗೆ ಡೈ ಹಚ್ಚಿದ ಮಾರನೆಯ ದಿನ ನೆತ್ತಿಯಲ್ಲಿ ಮತ್ತು ಕಿವಿಯ ಹಿಂದೆ ತುರಿಕೆ ಬರುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು, ಆದರೂ ಹೇಳಿರುತ್ತೇನೆ.

ಬಾಚಣಿಗೆ_ಕತ್ತರಿ ಉತ್ತರಿಸಿದ್ದಾರೆ:

ನಾನು ಬಹಳ ವರ್ಷಗಳಿಂದ ಬಣ್ಣದ ಕೆಲಸವನ್ನೇ ಮುಖ್ಯವಾಗಿ ಮಾಡಿಕೊಂಡು ಬಂದವಳು. ನಿಮ್ಮ ಪ್ರಶ್ನೆಯಲ್ಲಿ ನೀವು ಒಂದೇ ತಲೆಯ ಬಗ್ಗೆ ಕೇಳಿದ್ದರೂ ಕೆಲಸ ಮಾಡುವವಳ ಕಣ್ಣಿಗೆ ಅಲ್ಲಿ ಮೂರು ಬಗೆಯ ಕೂದಲು ಕಾಣುತ್ತದೆ: ಬಣ್ಣವೇ ಇಲ್ಲದ ಬಿಳಿ ಕೂದಲು, ನಿಮ್ಮದೇ ಆದ ಸಹಜ ಕಪ್ಪು ಕೂದಲು, ಡೈ ಮತ್ತು ಮೆಹಂದಿ ಪದರ ಪದರವಾಗಿ ಕೂತಿರುವ ಹಳೆಯ ಕೂದಲು. ಬ್ಲೀಚ್ ಈ ಮೂರರ ಜೊತೆ ಮೂರು ರೀತಿಯಲ್ಲಿ ವರ್ತಿಸುತ್ತದೆ.

ಸಹಜ ಕಪ್ಪಿನಿಂದ ಆರಂಭಿಸುತ್ತೇನೆ. ನಾವು ಕೂದಲಿನ ಗಾಢತೆಯನ್ನು 1ರಿಂದ 10ರವರೆಗೆ ಲೆವೆಲ್‌ಗಳಲ್ಲಿ ಅಳೆಯುತ್ತೇವೆ. 1 ಎಂದರೆ ಕಡುಗಪ್ಪು, 10 ಎಂದರೆ ಅತ್ಯಂತ ತಿಳಿ ಹೊಂಬಣ್ಣ. ನಮ್ಮ ಕಡೆಯವರ ಕೂದಲು ಸಾಮಾನ್ಯವಾಗಿ 1ರಿಂದ 3ರೊಳಗೆ ಇರುತ್ತದೆ. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟ್ ಲವಣಗಳನ್ನು ಡೆವಲಪರ್ ಎಂದು ಕರೆಯುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಕಲಸಿ ಹಚ್ಚಿದಾಗ ಆ ಮಿಶ್ರಣ ಎಳೆಯ ಹೊರಪದರವನ್ನು ಉಬ್ಬಿಸಿ ಒಳಗೆ ಇಳಿದು ಮೆಲನಿನ್ ಎಂಬ ಬಣ್ಣದ ಕಣಗಳನ್ನು ಒಡೆಯುತ್ತದೆ. ಕಪ್ಪು ಹೋಗುವಾಗ ಒಮ್ಮೆಲೇ ಬಿಳಿಯಾಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿಹಳದಿ, ಹೀಗೆ ಮೆಟ್ಟಿಲಿಳಿಯುತ್ತದೆ. ಪತ್ರಿಕೆಗಳಲ್ಲಿ ಕಾಣುವ ಬೆಳ್ಳಗಿನ ಪ್ಲಾಟಿನಂ ಬ್ಲಾಂಡ್ ಬೇಕಾದರೆ ಆ ಕೊನೆಯ ಮೆಟ್ಟಿಲಿಗೆ ಹೋಗಲೇಬೇಕು. ಜೇನು, ಕ್ಯಾರಮೆಲ್ ಎನ್ನುವ ಬಣ್ಣಗಳಿಗೆ 7 ಅಥವಾ 8ನೆಯ ಲೆವೆಲ್ ಸಾಕು, ಅಂದರೆ ಕಿತ್ತಳೆ ಮತ್ತು ಹಳದಿಯ ನಡುವೆಯೇ ನಿಲ್ಲಿಸಬಹುದು. ಕೂದಲಿಗೆ ಆಗುವ ಹಾನಿಯ ಬಹುಪಾಲು ಆ ಕೊನೆಯ ಎರಡು ಮೆಟ್ಟಿಲುಗಳಲ್ಲಿದೆ.

ಬ್ಲೀಚ್ ಆದ ಮೇಲೆ ಉಳಿದ ಕಿತ್ತಳೆ ಅಥವಾ ಹಳದಿಯನ್ನು ಟೋನರ್ ಹಾಕಿ ತಣಿಸುತ್ತೇವೆ. ಹಳದಿಗೆ ನೇರಳೆ ಎದುರು, ಕಿತ್ತಳೆಗೆ ನೀಲಿ ಎದುರು. ಟೋನರ್ ತೊಳೆಯುತ್ತ ತೊಳೆಯುತ್ತ ಕೆಲವು ವಾರಗಳಲ್ಲಿ ಮಾಸುತ್ತದೆ, ಹಾಗಾಗಿ ಅಂಗಡಿಯಿಂದ ಹೊರಬರುವ ದಿನದ ಬಣ್ಣ ಮತ್ತು ಒಂದೂವರೆ ತಿಂಗಳ ಮೇಲಿನ ಬಣ್ಣ ಎರಡನ್ನೂ ನೋಡಿಯೇ ಒಪ್ಪಬೇಕು. ನಮ್ಮವರು ತೋರಿಸುವ ಫೋಟೋಗಳೆಲ್ಲ ಮೊದಲ ದಿನದವು.

ನಿಮ್ಮ ನಿಜವಾದ ತೊಡಕು ಮೂರನೆಯ ಬಗೆಯ ಕೂದಲಿನಲ್ಲಿದೆ. ಸಹಜ ಮೆಲನಿನ್ ಒಡೆದಷ್ಟು ಸಲೀಸಾಗಿ ಡೈಯ ಕಪ್ಪು ಒಡೆಯುವುದಿಲ್ಲ. ಮೂರು ವಾರಕ್ಕೊಮ್ಮೆ ಬುಡಕ್ಕೆ ಹಚ್ಚುವಾಗ ಅದನ್ನು ತುದಿಯವರೆಗೂ ಎಳೆದಿದ್ದರೆ, ತುದಿಯಲ್ಲಿ ಎಷ್ಟೋ ಪದರ ಕಪ್ಪು ಸೇರಿರುತ್ತದೆ. ಇಂಥ ತಲೆಗೆ ಒಮ್ಮೆಲೇ ಬ್ಲೀಚ್ ಹಚ್ಚಿದರೆ ನೆತ್ತಿಯ ಬಿಸಿಗೆ ಬುಡದ ಒಂದೆರಡು ಸೆಂಟಿಮೀಟರ್ ಬೇಗ ತಿಳಿಯಾಗಿ ಹಳದಿಯಾಗುತ್ತದೆ, ನಡುವೆ ಕಿತ್ತಳೆ, ತುದಿಯಲ್ಲಿ ಇಟ್ಟಿಗೆಗೆಂಪು. ಇನ್ನು ಕೆಲವರು ತಿಳಿ ಬಣ್ಣದ ಡೈ ಡಬ್ಬಿ ತಂದು ಕಪ್ಪಿನ ಮೇಲೆ ಹಚ್ಚಿ ಕಾಯುತ್ತಾರೆ. ಹಚ್ಚಿದ ಬಣ್ಣವನ್ನು ಇನ್ನೊಂದು ಬಣ್ಣ ಎತ್ತಲಾರದು, ಅದರಿಂದ ಹಣ ಮಾತ್ರ ಹೋಗುತ್ತದೆ.

ಬಿಳಿ ಕೂದಲಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಒಡೆಯಲು ಬಣ್ಣವೇ ಇಲ್ಲ, ಬ್ಲೀಚ್ ಬೇಕಾಗಿಯೇ ಇಲ್ಲ. ನಿಮ್ಮ ಪಾರ್ಲರಿನ ಹುಡುಗಿ ಹೇಳಿದ್ದು ಈ ಕಾರಣಕ್ಕೇ ಸರಿ. ಆದರೆ ಅವಳು "ಬ್ಲಾಂಡ್" ಎಂದದ್ದನ್ನು ನೀವು ಇಡೀ ತಲೆಗೆ ಬಣ್ಣ ಎಂದು ಅರ್ಥಮಾಡಿಕೊಂಡಿದ್ದರೆ ನಾನು ಬೇಡ ಎನ್ನುತ್ತೇನೆ. ಇಡೀ ತಲೆಗೆ, ಅಂದರೆ ನಾವು ಗ್ಲೋಬಲ್ ಎನ್ನುವ ಕೆಲಸ ಮಾಡಿಸಿದರೆ, ಹಿಂಭಾಗದಲ್ಲಿ ಹುಟ್ಟುವ ಕಪ್ಪು ಬುಡ ಹೊಂಬಣ್ಣದ ಕೆಳಗೆ ಎದ್ದು ಕಾಣುತ್ತದೆ. ಈಗ ಬಿಳಿ ಗೆರೆಗೆ ಹೆದರುವಂತೆ ಆಗ ಕಪ್ಪು ಗೆರೆಗೆ ಹೆದರಬೇಕಾಗುತ್ತದೆ.

ನಿಮ್ಮಂಥವರಿಗೆ ನಾನು ಮಾಡುವುದು ಗ್ರೇ ಬ್ಲೆಂಡಿಂಗ್. ಕಪ್ಪು ಹಚ್ಚುವುದನ್ನು ನಿಲ್ಲಿಸಿ ನಾಲ್ಕೈದು ಸೆಂಟಿಮೀಟರ್ ಸಹಜ ಬುಡ ಬೆಳೆಯಲು ಬಿಡುತ್ತೇವೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅದಕ್ಕೇ ನಾಲ್ಕೈದು ತಿಂಗಳು ಬೇಕು. ಆ ಅವಧಿಯನ್ನು ದಾಟುವುದೇ ಎಲ್ಲಕ್ಕಿಂತ ಕಷ್ಟ. ಆಮೇಲೆ ನರೆತ ಭಾಗದಲ್ಲಿ ಉಳಿದಿರುವ ಕಪ್ಪು ಎಳೆಗಳನ್ನು ತೆಳುವಾಗಿ ಆಯ್ದು, ಫಾಯಿಲಿನಲ್ಲಿ ಸುತ್ತಿ, 20 ವಾಲ್ಯೂಮ್ ಡೆವಲಪರ್‌ನಲ್ಲಿ, ಅಂದರೆ 6 ಶೇಕಡಾ ಪೆರಾಕ್ಸೈಡಿನಲ್ಲಿ, ನಿಧಾನವಾಗಿ ತಿಳಿಗೊಳಿಸುತ್ತೇವೆ. ನೆತ್ತಿಗೆ ಬ್ಲೀಚ್ ತಾಗುವುದೇ ಇಲ್ಲ. ಹಿಂಭಾಗ ಕಪ್ಪಾಗಿಯೇ ಇರಲಿ. ನಡುವೆ ಅಲ್ಲಲ್ಲಿ ಜೇನು ಬಣ್ಣದ ಎಳೆಗಳು ಬಂದರೆ ಮುಂಭಾಗಕ್ಕೂ ಹಿಂಭಾಗಕ್ಕೂ ಹೊಂದಾಣಿಕೆಯಾಗುತ್ತದೆ. ಒಂದೂವರೆ ಎರಡು ತಿಂಗಳ ಅಂತರದಲ್ಲಿ ಇನ್ನೊಂದು ಸಲ, ಬೇಕಾದರೆ ಮತ್ತೊಂದು ಸಲ ಕೂರಬೇಕಾಗುತ್ತದೆ. ತುದಿಯ ಹಳೆಯ ಕಪ್ಪನ್ನು ಎತ್ತುವುದಕ್ಕಿಂತ ಕತ್ತರಿಸುವುದು ಅಗ್ಗ, ಕ್ಷೇಮ. ಖರ್ಚು ಕೂದಲಿನ ಉದ್ದ ಮತ್ತು ದಟ್ಟಣೆಯನ್ನು ಅವಲಂಬಿಸಿದೆ. ಬೆಂಗಳೂರಿನಲ್ಲಿ ಇಡೀ ಸರಣಿಗೆ ಐದಂಕಿಯ ಮೊತ್ತವನ್ನು ಲೆಕ್ಕ ಹಾಕಿಕೊಂಡೇ ಹೊರಡಿ.

ನವೆಂಬರಿನ ಮದುವೆಗೆ ಎಂದು ಅವಸರ ಮಾಡಬೇಡಿ. ಒಂದೇ ದಿನದಲ್ಲಿ ಮಾಡಿಕೊಡುತ್ತೇನೆ ಎನ್ನುವವರ ಬಳಿಗೆ ಹೋಗಲೂಬೇಡಿ.

ಚರ್ಮವೈದ್ಯೆ_ಮೈಸೂರು ಉತ್ತರಿಸಿದ್ದಾರೆ:

ನೀವು ಕೊನೆಯಲ್ಲಿ "ಆದರೂ ಹೇಳಿರುತ್ತೇನೆ" ಎಂದು ಸೇರಿಸಿದ ವಾಕ್ಯವೇ ನನಗೆ ಮೊದಲಿನದಾಗಿ ಕಂಡಿತು. ಡೈ ಹಚ್ಚಿದ ಒಂದೆರಡು ದಿನಗಳಲ್ಲಿ ನೆತ್ತಿ, ಕಿವಿಯ ಹಿಂಭಾಗ, ಹಣೆಯ ಅಂಚು ತುರಿಸುವುದು ಪ್ಯಾರಾ-ಫಿನೈಲಿನ್‌ಡೈಅಮೈನ್, ಅಂದರೆ ಪಿಪಿಡಿ ಎಂಬ ವಸ್ತುವಿಗೆ ಆಗುವ ಅಲರ್ಜಿಯ ಲಕ್ಷಣವಾಗಿರಬಹುದು. ಕಪ್ಪು ಡೈಗಳಲ್ಲಿ ಬಹುಪಾಲು ಇದೇ ಮುಖ್ಯ ಬಣ್ಣಕಾರಕ. ವರ್ಷಗಟ್ಟಲೆ ತೊಂದರೆ ಇಲ್ಲದೆ ಹಚ್ಚಿಕೊಂಡವರಿಗೂ ಇದು ಒಂದು ದಿನ ಆರಂಭವಾಗಬಹುದು. ಒಮ್ಮೆ ಆರಂಭವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಪ್ರತಿ ಸಲ ಹಚ್ಚಿದಾಗಲೂ ತೀವ್ರತೆ ಏರಬಹುದು. ಕಣ್ಣಿನ ರೆಪ್ಪೆ, ಮುಖ ಊದಿಕೊಂಡು ಬರುವವರನ್ನು ನಾವು ನೋಡುತ್ತಲೇ ಇರುತ್ತೇವೆ. ನಮ್ಮ ಮೈಬಣ್ಣದವರಲ್ಲಿ ಕೆಲವೊಮ್ಮೆ ತುರಿಕೆ ಹೆಚ್ಚಾಗಿ ಕಾಣದೆ ಹಣೆಯ ಬದಿ, ಕಿವಿಯ ಮುಂಭಾಗದ ಚರ್ಮ ಬೂದುಗಪ್ಪಾಗುತ್ತ ಹೋಗುತ್ತದೆ. ಅದನ್ನು ಬಂಗು ಎಂದು ತಿಳಿದು ಕ್ರೀಮು ಹಚ್ಚುತ್ತ ಕಾಲ ಕಳೆಯುವವರು ಬಹಳ.

ಆದ್ದರಿಂದ ಮುಂದಿನ ಡೈಯನ್ನು ಈಗಲೇ ನಿಲ್ಲಿಸಿ, ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿನ ಮೇಲೆ ಅಳತೆಯ ಪಿಪಿಡಿಯನ್ನು ಅಂಟಿಸಿ ಎರಡನೆಯ ದಿನ ಮತ್ತು ನಾಲ್ಕನೆಯ ದಿನದ ಸುಮಾರಿಗೆ ಓದುತ್ತಾರೆ. ಡೈ ಪೊಟ್ಟಣದ ಮೇಲೆ ಬರೆದಿರುವ 48 ಗಂಟೆಯ ಮುಂಪರೀಕ್ಷೆ ಬೇರೆ. ಅದು ಆ ಡಬ್ಬಿಯನ್ನು ಬಳಸಬಹುದೋ ಬೇಡವೋ ಎಂಬುದಕ್ಕೆ ಮನೆಮಟ್ಟದ ಎಚ್ಚರಿಕೆ ಮಾತ್ರ. ಈಗಾಗಲೇ ತುರಿಕೆ ಇರುವವರು ಅದನ್ನು ಮನೆಯಲ್ಲಿ ಮಾಡಿಕೊಳ್ಳದಿರುವುದು ಒಳ್ಳೆಯದು.

ಅಲರ್ಜಿ ಇದೆ ಎಂದೇ ಗೊತ್ತಾದರೆ ಹೊಂಬಣ್ಣದ ಆಸೆ ಬಿಡಬೇಕೇ? ಇಲ್ಲಿ ನನ್ನ ಉತ್ತರ ನಿಮಗೆ ಆಶ್ಚರ್ಯ ತರಬಹುದು. ಬ್ಲೀಚಿನಲ್ಲಿ ಪಿಪಿಡಿ ಇರುವುದಿಲ್ಲ, ಹಾಗಾಗಿ ಕಪ್ಪಿಗಿಂತ ಹೊಂಬಣ್ಣವೇ ನಿಮಗೆ ಹೆಚ್ಚು ಸುಲಭವಾದ ದಾರಿಯಾಗಬಹುದು. ಆದರೆ ಎರಡು ಕಡೆ ಎಚ್ಚರ ಬೇಕು. ಡೆವಲಪರ್ ಬೆರೆಸಿ ಹಚ್ಚುವ ಟೋನರ್‌ಗಳಲ್ಲಿ ಪಿಪಿಡಿಯೋ ಅದರ ಹತ್ತಿರದ ಸಂಬಂಧಿಯಾದ ಟಾಲುಯಿನ್-ಡೈಅಮೈನೋ ಇರಬಹುದು; ಒಂದಕ್ಕೆ ಅಲರ್ಜಿ ಇರುವವರಲ್ಲಿ ಅನೇಕರಿಗೆ ಇನ್ನೊಂದಕ್ಕೂ ಅಲರ್ಜಿ ಇರುತ್ತದೆ. ಡೆವಲಪರ್ ಬೇಡದ, ಮೇಲ್ಮೈಗೆ ಅಂಟುವ ನೇರಳೆ ಬಣ್ಣದ ಟೋನರ್‌ಗಳು ಬೇರೆ ಜಾತಿಯವು. ಹೆಸರು ನಂಬದೆ ಡಬ್ಬಿಯ ಹಿಂದಿನ ಪಟ್ಟಿ ಓದಿಸಿ. ಇನ್ನು ಬ್ಲೀಚಿನ ಪರ್ಸಲ್ಫೇಟ್ ಕೆಲವರಲ್ಲಿ ದದ್ದು ಎಬ್ಬಿಸುತ್ತದೆ, ಆಸ್ತಮಾ ಇರುವವರಿಗೆ ಅದರ ಧೂಳು ಉಸಿರು ಕಟ್ಟಿಸಬಹುದು. ನಿಮಗೆ ಆಸ್ತಮಾ ಇದ್ದರೆ ಕೆಲಸ ಮಾಡುವವರಿಗೆ ಮೊದಲೇ ತಿಳಿಸಿ.

ನೆತ್ತಿ ಕೆರೆದು ಗಾಯವಾಗಿರುವಾಗ ಯಾವ ರಾಸಾಯನಿಕವೂ ಬೇಡ. "ಬ್ಲೀಚ್ ಮಾಡಿದರೆ ಕೂದಲು ಬುಡಸಮೇತ ಉದುರುತ್ತದೆ" ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ನೆತ್ತಿ ಸುಟ್ಟುಹೋಗದಿದ್ದರೆ ಬೇರಿಗೆ ಏನೂ ಆಗುವುದಿಲ್ಲ, ಎಳೆ ನಡುವೆ ತುಂಡಾಗುತ್ತದೆ, ಅಷ್ಟೆ. ತುಂಡಾದರೂ ಸಂಕಟವೇ ಎನ್ನಿ.

ಗಂಧಕದ_ಮೇಷ್ಟ್ರು ಉತ್ತರಿಸಿದ್ದಾರೆ:

ರಸಾಯನಶಾಸ್ತ್ರ ಪಾಠ ಹೇಳುವವನಾಗಿ ಒಂದೇ ವಿಷಯ ಸೇರಿಸುತ್ತೇನೆ, ಏಕೆಂದರೆ ಮುಂದೆ ಪಾರ್ಲರಿನಲ್ಲಿ ನಿಮಗೆ ಖಂಡಿತ "ಬಾಂಡ್ ಬಿಲ್ಡರ್" ಎಂಬ ದ್ರವವನ್ನು ಮಾರಲು ನೋಡುತ್ತಾರೆ. ಕೂದಲಿನ ಗಟ್ಟಿತನಕ್ಕೆ ಕಾರಣ ಕೆರಟಿನ್ ಪ್ರೋಟೀನಿನ ಸರಪಳಿಗಳ ನಡುವೆ ಇರುವ ಎರಡು ಗಂಧಕದ ಪರಮಾಣುಗಳ ಬೆಸುಗೆ. ಪೆರಾಕ್ಸೈಡ್ ಮೆಲನಿನ್ನನ್ನು ಒಡೆಯುವಾಗ ಈ ಬೆಸುಗೆಗಳಲ್ಲೂ ಒಂದು ಪಾಲನ್ನು ಉತ್ಕರ್ಷಿಸಿ ಸಿಸ್ಟೀಯಿಕ್ ಆಮ್ಲವಾಗಿ ಬದಲಿಸುತ್ತದೆ. ಹಾಗೆ ಬದಲಾದದ್ದು ಮತ್ತೆ ಕೂಡುವುದಿಲ್ಲ. 2014ರ ಸುಮಾರಿಗೆ ಒಲಾಪ್ಲೆಕ್ಸ್ ಎಂಬ ಬ್ರಾಂಡ್ ಬಂದಾಗಿನಿಂದ "ಬಾಂಡ್ ಬಿಲ್ಡರ್" ಎಂಬ ಹೆಸರಿನ ಅನೇಕ ದ್ರವಗಳು ಅಂಗಡಿಗಳಲ್ಲಿವೆ. ಬ್ಲೀಚಿನ ಜೊತೆಗೇ ಬೆರೆಸಿದರೆ ಹಾನಿಯನ್ನು ಸ್ವಲ್ಪ ತಗ್ಗಿಸುವ ಪ್ರಯತ್ನ ಅವುಗಳದ್ದು. ಹಾಳಾದ ಕೂದಲನ್ನು ಮೊದಲಿನಂತೆ ಮಾಡುತ್ತವೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಕೂದಲು ಸತ್ತ ವಸ್ತು. ಅದಕ್ಕೆ ಗಾಯ ಮಾಯುವ ಶಕ್ತಿ ಇಲ್ಲ.

ಕಪ್ಪು ಹೋದರೂ ಕೆಂಪು ಹಳದಿ ಉಳಿಯುವುದು ಏಕೆಂದರೆ ಕಂದುಗಪ್ಪು ಬಣ್ಣದ ಯೂಮೆಲನಿನ್ ಬೇಗ ಕರಗುತ್ತದೆ, ಕೆಂಪುಹಳದಿಯ ಫಿಯೋಮೆಲನಿನ್ ಹಟಮಾರಿ. ಪೆರಾಕ್ಸೈಡನ್ನು ಫ್ರಾನ್ಸಿನ ಥೆನಾರ್ 1818ರಲ್ಲಿ ಕಂಡುಹಿಡಿದ. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದನ್ನು ಕೂದಲಿಗೆ ಹಚ್ಚಿ ತೋರಿಸಿದರು. ಅಂದಿನಿಂದ ಇಂದಿನವರೆಗೆ ಪುಡಿ ಸೇರಿದೆ, ಕ್ರೀಮು ಸೇರಿದೆ, ಮೂಲ ಕ್ರಿಯೆ ಬದಲಾಗಿಲ್ಲ.

ಕಡಲಾಚೆ_ಉಡುಪಿ ಉತ್ತರಿಸಿದ್ದಾರೆ:

ನಾನು ಮೆಲ್ಬರ್ನಿನಲ್ಲಿರುವವಳು, ಕೂದಲಿಗೆ ಜೇನು ಬಣ್ಣದ ಹೈಲೈಟ್ಸ್ ಮಾಡಿಸಿಕೊಂಡು ಕೆಲವು ವರ್ಷಗಳಾದವು. ವಿಜ್ಞಾನವನ್ನು ಬಲ್ಲವರು ಹೇಳಿಯಾಯಿತು. ನಾನು ಮನೆಯ ಮಾತು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ನಡೆಯುವ ಅರ್ಧದಷ್ಟು ಕೆಲಸಗಳು ಹೊಂಗೂದಲಿಗೆ ಆಗಿಬರುವುದಿಲ್ಲ ಎಂದು ಯಾವ ಪಾರ್ಲರಿನವರೂ ಎಚ್ಚರಿಸುವುದಿಲ್ಲ.

ಮದುವೆಯ ವಿಷಯವನ್ನೇ ತೆಗೆದುಕೊಳ್ಳಿ. ಅರಿಶಿನ ಎಣ್ಣೆಯ ಶಾಸ್ತ್ರದಲ್ಲಿ ಸೋದರತ್ತೆಯಾದ ನಿಮ್ಮ ತಲೆಗೂ ಯಾರಾದರೂ ಪ್ರೀತಿಯಿಂದ ಎಣ್ಣೆ ಅರಿಶಿನ ಸವರಿಯೇ ತೀರುತ್ತಾರೆ. ಬ್ಲೀಚ್ ಆದ ಎಳೆಯ ಹೊರಪದರ ತೆರೆದುಕೊಂಡಿರುವುದರಿಂದ ಅದು ಸಿಕ್ಕಿದ ಬಣ್ಣವನ್ನೆಲ್ಲ ಹೀರುತ್ತದೆ. ಅರಿಶಿನದ ಹಳದಿ ಹತ್ತಿದರೆ ಒಂದೆರಡು ತೊಳೆತಕ್ಕೆ ಹೋಗುವುದಿಲ್ಲ. ಬೈತಲೆಗೆ ಕುಂಕುಮ ಇಡುವ ಪದ್ಧತಿ ನಿಮ್ಮಲ್ಲಿದ್ದರೆ ಅದರ ಕೆಂಪು ಕೂಡ ಬುಡದ ತಿಳಿ ಎಳೆಗಳಿಗೆ ಇಳಿಯುತ್ತದೆ. ಹೋಳಿಯ ಬಣ್ಣವನ್ನಂತೂ ಹೇಳಬೇಕಾಗಿಲ್ಲ. ಭೃಂಗರಾಜ, ಕರಿಬೇವು ಹಾಕಿ ಕಾಯಿಸಿದ ಹಸಿರು ಎಣ್ಣೆ, ಸೀಗೆಕಾಯಿ ಪುಡಿ ಎರಡೂ ನೆರಳು ಬಿಡುತ್ತವೆ. ಜಡೆಗೆ ಚವರಿ ಸೇರಿಸುವ ಅಭ್ಯಾಸವಿದ್ದರೆ ಅಂಗಡಿಯ ಕಪ್ಪು ಚವರಿ ನಿಮ್ಮ ಕೂದಲಿಗೆ ಇನ್ನು ಹೊಂದುವುದಿಲ್ಲ.

ಹಾಗೆಂದು ಎಣ್ಣೆಯನ್ನೇ ಬಿಡಬೇಕಾಗಿಲ್ಲ. ಬಣ್ಣವಿಲ್ಲದ ಶುದ್ಧ ತೆಂಗಿನೆಣ್ಣೆ ನಮ್ಮ ಪುಣ್ಯ. ತೊಳೆಯುವ ಮೊದಲು ಹಚ್ಚಿದರೆ ಕೂದಲಿನಿಂದ ಪ್ರೋಟೀನು ಸೋರುವುದು ಕಡಿಮೆಯಾಗುತ್ತದೆ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣವಿಲ್ಲ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ಬ್ಲೀಚ್ ಆದ ಕೂದಲನ್ನೂ ಅದರಲ್ಲಿ ಪರೀಕ್ಷಿಸಿದ್ದರು. ನಾನು ತಲೆಸ್ನಾನದ ಹಿಂದಿನ ರಾತ್ರಿ ತುದಿಗಳಿಗೆ ಹಚ್ಚುತ್ತೇನೆ.

ನೀರು ಇನ್ನೊಂದು ತಲೆನೋವು. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ನಿಮಗೆ ಗೊತ್ತೇ ಇದೆ. ಅದರ ಸುಣ್ಣದಂಶ ತಿಳಿ ಕೂದಲಿನ ಮೇಲೆ ಕೂತು ಹೊಳಪನ್ನು ಮಂಕಾಗಿಸುತ್ತದೆ, ಕೈಗೆ ಒರಟಾಗುತ್ತದೆ. ಕೊನೆಯ ತೊಳೆತಕ್ಕಾದರೂ ಶುದ್ಧೀಕರಿಸಿದ ನೀರು ಬಳಸಿದರೆ ವ್ಯತ್ಯಾಸ ಕಾಣುತ್ತದೆ. ಈಜುಕೊಳಕ್ಕೆ ಹೋಗುವವರಾದರೆ ಮೊದಲು ಮನೆಯ ನೀರಿನಲ್ಲಿ ಕೂದಲು ನೆನೆಸಿಕೊಂಡು ಟೋಪಿ ಹಾಕಿಯೇ ಇಳಿಯಿರಿ. ಅಲ್ಲಿ ಕೂದಲು ಹಸಿರಾಗುವುದು ಕ್ಲೋರಿನ್ನಿನಿಂದ ಎಂದು ಎಲ್ಲರೂ ಹೇಳುತ್ತಾರೆ, ನಿಜವಾಗಿ ಅದು ನೀರಿನಲ್ಲಿ ಕರಗಿದ ತಾಮ್ರದ ಕೆಲಸ. ಹಳದಿ ಹೆಚ್ಚಾದಾಗ ನೇರಳೆ ಶಾಂಪೂ ವಾರಕ್ಕೊಮ್ಮೆ ಸಾಕು. ಅತಿಯಾದರೆ ಬಿಳಿ ಎಳೆಗಳೇ ನೇರಳೆಯಾಗಿ ಕಾಣುತ್ತವೆ.

ಬಣ್ಣದ ಆಯ್ಕೆಗೆ ಬಂದರೆ, ನಮ್ಮಂಥ ಬೆಚ್ಚಗಿನ ಮೈಬಣ್ಣಕ್ಕೆ ಜೇನು, ಕ್ಯಾರಮೆಲ್, ಹಳೆಯ ಚಿನ್ನದ ಛಾಯೆಗಳು ಮುಖವನ್ನು ಬೆಳಗಿಸುತ್ತವೆ. ಬೂದಿ ಬಣ್ಣದ ಬ್ಲಾಂಡ್ ಅನೇಕರ ಮುಖವನ್ನು ಕಳೆಗುಂದಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಪ್ಲಾಟಿನಂ ಮಾಡಿಸಿದರೆ ಕಪ್ಪು ಹುಬ್ಬು ಬೇರೆ ಯಾರದ್ದೋ ಎಂಬಂತೆ ನಿಲ್ಲುತ್ತದೆ. ಆಗ ಹುಬ್ಬಿನ ಚಿಂತೆ ಶುರು. ಬುಡದಲ್ಲಿ ಒಂದಿಷ್ಟು ಗಾಢ ಬಣ್ಣ ಉಳಿಸಿಕೊಂಡರೆ ಈ ತಾಪತ್ರಯವೇ ಇಲ್ಲ.

ಬಾಚಣಿಗೆ_ಕತ್ತರಿ ಅವರ ಮಾತಿಗೆ ಒಂದು ಸೇರ್ಪಡೆ. ಮೂರು ವಾರದ ಲೆಕ್ಕದಿಂದ ಇದರಿಂದಾಗಿ ಬಿಡುವು ಸಿಗುತ್ತದೆ ಎಂದು ನೀವು ಎಣಿಸಿದ್ದರೆ ಅದು ಅರ್ಧ ಸತ್ಯ. ಮೂರು ವಾರಕ್ಕೊಮ್ಮೆ ಮನೆಯಲ್ಲಿ ಒಂದು ಗಂಟೆ ಕೂರುವುದರ ಬದಲು ಎರಡು ಮೂರು ತಿಂಗಳಿಗೊಮ್ಮೆ ಪಾರ್ಲರಿನಲ್ಲಿ ಅರ್ಧ ದಿನ ಕೂರುತ್ತೀರಿ. ನಡುವಿನ ವಾರಗಳಲ್ಲಿ ಕಂಡೀಷನರ್, ಎಣ್ಣೆ, ಬಿಸಿಲಿಗೆ ದುಪಟ್ಟಾ. ಹಣವೂ ಹೆಚ್ಚು ಹೋಗುತ್ತದೆ.

ಜನ ಏನೆನ್ನುತ್ತಾರೆ ಎಂಬುದನ್ನು ನೀವು ಕೇಳಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು. ಊರಿಗೆ ಬಂದಾಗ ರಥಬೀದಿಯಲ್ಲಿ ಒಂದು ಸುತ್ತು ನೋಡುತ್ತಾರೆ, ಎರಡನೆಯ ಸುತ್ತಿಗೆ ಮರೆಯುತ್ತಾರೆ.

ಬೆಳ್ಳಿಗೆರೆ ಉತ್ತರಿಸಿದ್ದಾರೆ:

ಎಲ್ಲರೂ ಹೇಗೆ ಮಾಡಿಸಬೇಕೆಂದು ಹೇಳಿದ್ದಾರೆ, ನಾನು ಅದಕ್ಕೂ ಮೊದಲಿನ ಪ್ರಶ್ನೆ ಕೇಳುತ್ತೇನೆ. ತುಂಗಾತೀರ ಅವರೇ, ನಿಮಗೆ ಬೇಕಿರುವುದು ಹೊಂಬಣ್ಣವೋ, ಕಪ್ಪು ಡೈಯಿಂದ ಬಿಡುಗಡೆಯೋ? ನಿಮ್ಮ ಬರಹದಲ್ಲಿ "ಸಾಕಾಗಿದೆ" ಎಂಬ ಮಾತಿದೆ, "ಬ್ಲಾಂಡ್ ಎಂದರೆ ನನಗೆ ಇಷ್ಟ" ಎಂಬ ಮಾತು ಎಲ್ಲಿಯೂ ಇಲ್ಲ. ಬಿಡುಗಡೆಯೊಂದೇ ಬೇಕಾದರೆ ಚಿಕ್ಕದಾಗಿ ಕತ್ತರಿಸಿಕೊಂಡು ನರೆಯನ್ನು ಹಾಗೆಯೇ ಬೆಳೆಯಲು ಬಿಡಬಹುದು. ಭುಜದುದ್ದ ಉಳಿಸಿಕೊಂಡೇ ಬೆಳೆಸುವುದಾದರೆ ಸುಮಾರು ಮೂರು ವರ್ಷ ಹಿಡಿಯುತ್ತದೆ, ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದರೆ ಅದರ ಅರ್ಧ. ಇದಕ್ಕೆ ಖರ್ಚಿಲ್ಲ, ಪ್ಯಾಚ್ ಟೆಸ್ಟಿನ ಭಯವಿಲ್ಲ, ಅರಿಶಿನದ ಭಯ ಮಾತ್ರ ಬೆಳ್ಳಿಕೂದಲಿಗೂ ತಪ್ಪಿದ್ದಲ್ಲ. ನಾನು ಮಾಡಿದ್ದು ಇದೇ. ಮೊದಲ ಆರೇಳು ತಿಂಗಳು ಎರಡು ಬಣ್ಣದ ತಲೆ ಹೊತ್ತು ತಿರುಗುವ ಧೈರ್ಯ ಬೇಕು.

ತುಂಗಾತೀರ ಬರೆದಿದ್ದಾರೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಬೆಳ್ಳಿಗೆರೆ ಅವರ ಪ್ರಶ್ನೆಗೆ ಎರಡು ದಿನ ಉತ್ತರ ಹೊಳೆಯಲಿಲ್ಲ. ಬೇಕಿರುವುದು ಮೊದಲಿಗೆ ಬಿಡುಗಡೆಯೇ, ನಿಜ. ಆದರೆ ಕಡಲಾಚೆ_ಉಡುಪಿ ಅವರು ಜೇನು ಬಣ್ಣ, ಹಳೆಯ ಚಿನ್ನ ಎಂದು ಬರೆದದ್ದನ್ನು ಓದುವಾಗ ಮನಸ್ಸು ಅತ್ತ ಎಳೆಯಿತೆಂಬುದೂ ಅಷ್ಟೇ ನಿಜ. ಇಡೀ ತಲೆ ಬ್ಲಾಂಡ್ ಮಾಡಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಚರ್ಮವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿಕೊಂಡಿದ್ದೇನೆ, ಡೈ ನಿಲ್ಲಿಸಿದ್ದೇನೆ. ಮದುವೆಗೆ ಬಿಳಿ ಗೆರೆಯ ಮೇಲೆ ಮಲ್ಲಿಗೆ ದಂಡೆ ಮುಡಿದು ಹೋಗುವುದೆಂದು ತೀರ್ಮಾನಿಸಿದ್ದೇನೆ. ಉಳಿದದ್ದು ಮದುವೆಯ ಆಚೆಗೆ.

ಒಂದು ಅನುಮಾನ ಉಳಿದಿದೆ. ಮನೆಯ ಕಪಾಟಿನಲ್ಲಿ ಹಿಂದೆ ಹಚ್ಚುತ್ತಿದ್ದ "ಕಪ್ಪು ಮೆಹಂದಿ"ಯ ಒಂದು ಪೊಟ್ಟಣ ಸಿಕ್ಕಿತು. ಅದರ ಪಟ್ಟಿಯಲ್ಲಿ ಮದರಂಗಿ ಎಲೆಯ ಜೊತೆಗೆ ಪಿಪಿಡಿಯೂ ಬೇರಿಯಂ ಪೆರಾಕ್ಸೈಡ್ ಎಂಬುದೂ ಇವೆ. ನಾನು ಇಷ್ಟು ಕಾಲ ಅದನ್ನು ಗಿಡಮೂಲಿಕೆ ಎಂದೇ ತಿಳಿದಿದ್ದೆ. ಅದನ್ನು ನಿಲ್ಲಿಸಿ ಎರಡು ವರ್ಷದ ಮೇಲಾಯಿತು. ಅದರಿಂದ ಈಗ ಏನಾದರೂ ತೊಂದರೆಯಿದೆಯೇ?

ಬಾಚಣಿಗೆ_ಕತ್ತರಿ ಉತ್ತರಿಸಿದ್ದಾರೆ:

ಆ ಪೊಟ್ಟಣವನ್ನು ಎಸೆಯದೆ ವೈದ್ಯರಿಗೆ ತೋರಿಸಿ, ಅವರಿಗೆ ಅದರಿಂದ ಉಪಯೋಗವಿದೆ. ನನ್ನ ಕಡೆಯಿಂದ ಲೆಕ್ಕ ಹೀಗೆ: ಎರಡು ವರ್ಷದಲ್ಲಿ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಹೊಸ ಕೂದಲು ಬಂದಿರುತ್ತದೆ. ಭುಜದಿಂದ ಕೆಳಗಿಳಿಯುವ ನಿಮ್ಮ ಕೂದಲಿನ ತುದಿ ಅದಕ್ಕಿಂತ ಹಳೆಯದು, ಅಂದರೆ ಆ ಪುಡಿ ಇನ್ನೂ ಅಲ್ಲಿ ಉಳಿದಿರಬೇಕು. ಶುದ್ಧ ಮದರಂಗಿಯ ಮೇಲೆ ಬ್ಲೀಚ್ ಹಚ್ಚಿದರೆ ಅಪಾಯವಿಲ್ಲ, ಹಟಮಾರಿ ಕಿತ್ತಳೆ ಬಣ್ಣ ಉಳಿಯುತ್ತದೆ ಅಷ್ಟೆ. ನೀಲಿ ಗಿಡದ ಪುಡಿ ಬೆರೆತಿದ್ದರೆ ಹಸಿರು ಛಾಯೆ ಬರಬಹುದು. ಲೋಹದ ಲವಣ ಬೆರೆತ ಪುಡಿಗಳೇ ಭಯ, ಏಕೆಂದರೆ ಅವು ಪೆರಾಕ್ಸೈಡ್ ತಾಗಿದಾಗ ಬಿಸಿಯೇರಿ ಕೂದಲನ್ನು ಕರಗಿಸಿಬಿಡಬಲ್ಲವು.

ಇದನ್ನು ಪಟ್ಟಿ ಓದಿ ಊಹಿಸುವುದಕ್ಕಿಂತ ಪರೀಕ್ಷಿಸಿಯೇ ನೋಡಬೇಕು. 20 ವಾಲ್ಯೂಮ್ ಪೆರಾಕ್ಸೈಡ್ 30 ಮಿಲಿಲೀಟರಿಗೆ ಇಪ್ಪತ್ತು ಹನಿ ಅಮೋನಿಯಾ ಹಾಕಿ, ಕತ್ತರಿಸಿದ ಇಪ್ಪತ್ತಾದರೂ ಎಳೆಗಳನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡುತ್ತೇವೆ. ಹೆಚ್ಚಿನ ಬದಲಾವಣೆ ಇಲ್ಲದೆ ಸ್ವಲ್ಪ ತಿಳಿಯಾದರೆ ಮುಂದುವರಿಯಬಹುದು. ಕುದಿದಂತೆ ಗುಳ್ಳೆ ಎದ್ದರೆ, ವಾಸನೆ ಬಂದರೆ, ಎಳೆ ಮೆತ್ತಗಾದರೆ ಆ ಭಾಗವನ್ನು ಕತ್ತರಿಸುವವರೆಗೆ ಬ್ಲೀಚ್ ಮುಟ್ಟಿಸುವುದಿಲ್ಲ. ಇದನ್ನು ಮನೆಯಲ್ಲಿ ಮಾಡಬೇಡಿ, ಅಮೋನಿಯಾದ ಘಾಟು ಒಳ್ಳೆಯದಲ್ಲ. ಇದಾದ ಮೇಲೆ ಅದೇ ಜಾಗದಿಂದ ಕತ್ತರಿಸಿದ ಇನ್ನೊಂದಿಷ್ಟು ಎಳೆಗಳಿಗೆ ನಿಜವಾದ ಬ್ಲೀಚನ್ನೇ ಹಚ್ಚಿ, ಎಷ್ಟು ಹೊತ್ತಿಗೆ ಯಾವ ಬಣ್ಣಕ್ಕೆ ಬರುತ್ತದೆ, ಒದ್ದೆಯಾಗಿರುವಾಗ ಎಳೆದರೆ ಹಿಂದಕ್ಕೆ ಸರಿಯುತ್ತದೆಯೋ ರಬ್ಬರಿನಂತೆ ಜೋಲುತ್ತದೆಯೋ ಎಂದು ನೋಡುತ್ತೇವೆ. ಈ ಎರಡು ಪರೀಕ್ಷೆಗೆ ಒಪ್ಪದ ಪಾರ್ಲರಿನಲ್ಲಿ ಕೂರಬೇಡಿ.

ಎಳೆಗಳನ್ನು ಕುತ್ತಿಗೆಯ ಹಿಂದಿನ ಒಳಪದರದಿಂದ ಆಯ್ದರೆ ಹೊರಗೆ ಕಾಣುವುದಿಲ್ಲ. ಮನೆಯಿಂದಲೇ ಕತ್ತರಿಸಿ ತರುವುದಾದರೆ ಬುಡದ ಕಡೆಗೆ ಒಂದು ದಾರ ಬಿಗಿದು ತನ್ನಿ. ಯಾವ ಕೊನೆ ಹಳೆಯದೆಂದು ತಿಳಿಯದೆ ಈ ಪರೀಕ್ಷೆಯನ್ನು ಓದಲಾಗುವುದಿಲ್ಲ.